ಹನ್ನೊಂದನೆಯ ಕುಂದು

ಮಾರ್ಚ್ ೪

ಪ್ರೀತಿಯ ಅಕ್ಕನಿಗೆ,

ನಾನು ಬಂದು ಸೇರಿ ಮೂರು ದಿನವಾಯಿತು. ಹೋಟೆಲಿನ ಲಾಂಡ್ರಿ ನೆಲಮಾಳಿಗೆಯಲ್ಲಿದೆ. ಕಿಟಕಿ ಇಲ್ಲ. ಮೇಲಿನ ಒಂಬತ್ತು ಮಹಡಿಯ ಹಾಸಿಗೆ ಬಟ್ಟೆಯೆಲ್ಲ ಒಂದು ದೊಡ್ಡ ಕೊಳವೆಯಲ್ಲಿ ಜಾರಿ ಧೊಪ್ಪೆಂದು ನಮ್ಮ ಪಕ್ಕಕ್ಕೆ ಬೀಳುತ್ತದೆ. ಅದನ್ನು ಬಿಡಿಸಿ ಕಲೆ ಎಲ್ಲಿದೆ ಎಂದು ನೋಡುವುದು ನನ್ನ ಕೆಲಸ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಅದೇ ಒಂದು ಸುಖ. ಫೋನು ಮೇಲ್ವಿಚಾರಕಿಯ ಮೇಜಿನ ಮೇಲಿದೆ, ಮಾಡಿದರೆ ಹತ್ತು ಜನ ಕಿವಿ ಕೊಡುತ್ತಾರೆ. ಫೋನು ಹಿಡಿದರೆ ನನ್ನ ಗಂಟಲು ಕಟ್ಟುತ್ತದೆಂದು ನಿನಗೆ ಗೊತ್ತಿದೆ. ಅದಕ್ಕೇ ಈ ಕಾಗದ. ನನ್ನ ಅಕ್ಷರ ನೋಡಿ ನಗಬೇಡ.

ಈಗ ಆಮೆಯ ವಿಷಯ. ನನ್ನ ಕಾರಿಗೆ ಆ ಹೆಸರಿಟ್ಟವಳು ನೀನೇ. ಅದನ್ನು ನಿನ್ನ ಪಾರ್ಲರಿನ ಮುಂದೆ ನಿಲ್ಲಿಸಿ ಬರುವಾಗ ತಿರುಗಿ ನೋಡಬಾರದು ಅಂದುಕೊಂಡಿದ್ದೆ. ನೋಡಿಬಿಟ್ಟೆ. ಏಳು ವರ್ಷ ಅದರಲ್ಲಿ ಇಸ್ತ್ರಿ ಬಟ್ಟೆ ಹೊತ್ತು ಮನೆಮನೆಗೆ ಕೊಟ್ಟಿದ್ದೇನೆ. ನಾನು ದುಡಿದು ಕೊಂಡ ಮೊದಲ ಕಾರು. ಬೇಗ ಒಳ್ಳೆಯವರ ಕೈಗೆ ಮಾರಿಬಿಡು. ಬಂದ ಹಣದಲ್ಲಿ ನಿನ್ನ ಅಂಗಡಿಗೆ ಆ ತಲೆ ತೊಳೆಯುವ ಕುರ್ಚಿ ತೆಗೆದುಕೋ. ನಾಲ್ಕು ವರ್ಷದಿಂದ ಅದರ ಚಿತ್ರ ನೋಡುತ್ತಿದ್ದೀಯ.

ಒಂದೇ ಒಂದು ಮಾತು ನಡೆಸಿಕೊಡಬೇಕು. ಸೀಟಿನ ಮುಂದಿನ ಖಾನೆಯಲ್ಲಿ ನೀಲಿ ಲಕೋಟೆ ಇಟ್ಟಿದ್ದೇನೆ. ಅದರಲ್ಲಿ ಕುಂದಿನ ಚೀಟಿ ಇದೆ, ಎರಡು ಪ್ರತಿ. ನಮ್ಮ ಹಳೆಯ ಲಾಂಡ್ರಿಯಲ್ಲಿ ಬಟ್ಟೆ ಒಳಗೆ ತೆಗೆದುಕೊಳ್ಳುವ ಮುಂಚೆ ಅದರಲ್ಲಿ ಎಲ್ಲಿ ಹರಿದಿದೆ, ಎಲ್ಲಿ ಗುಂಡಿ ಇಲ್ಲ ಎಂದು ಚೀಟಿ ಬರೆದು, ಗಿರಾಕಿಗೆ ತೋರಿಸಿ, ಸಹಿ ಹಾಕಿಸಿ, ಒಂದು ಪ್ರತಿ ಅವರಿಗೆ ಕೊಟ್ಟು ಇನ್ನೊಂದನ್ನು ಬಟ್ಟೆಗೆ ಚುಚ್ಚುತ್ತಿದ್ದೆವಲ್ಲ, ಹಾಗೆಯೇ. ಕಾರಿನ ಹತ್ತೊಂಬತ್ತು ಕುಂದು ಬರೆದಿದ್ದೇನೆ. ಮೂರು ಸಂಜೆ ಹಿಡಿಯಿತು. ಕೊಳ್ಳುವವರು ಅದನ್ನು ಓದಲಿ, ಸಹಿ ಹಾಕಲಿ. ಒಂದು ಪ್ರತಿ ಅವರಿಗೆ, ಒಂದು ನನಗೆ ಕಳಿಸು.

ಮುಖ್ಯವಾದದ್ದು ನಾಲ್ಕನೆಯದು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ನಿಲ್ಲುವುದಿಲ್ಲ. ಮೂರು ಸಲ ರಿಪೇರಿ ಮಾಡಿಸಿದರೂ ತಿಂಗಳಲ್ಲಿ ಮತ್ತೆ ಸಡಿಲ. ಅದಕ್ಕೇ ಡಿಕ್ಕಿಯಲ್ಲಿ ಒಂದು ಮರದ ತುಂಡು ಇದೆ, ಚಕ್ರದ ಕೆಳಗೆ ಇಡಲು. ಅದು ಕಾರಿನ ಜೊತೆಗೇ ಹೋಗಬೇಕು.

ಇಸ್ತ್ರಿ ಅಜ್ಜ ಸಿಕ್ಕರೆ ನಾನು ಕೇಳಿದೆ ಅನ್ನು. ಲಾಂಡ್ರಿ ಮುಚ್ಚಿದ ಮೇಲೆ ಅವರು ಮನೆಯಲ್ಲೇ ಇಸ್ತ್ರಿ ಹಾಕುತ್ತೇನೆ ಅಂದಿದ್ದರು. ಚೀಟಿ ಬರೆಯುವುದನ್ನು ಕಲಿಸಿದವರೇ ಅವರು.

ನಿನ್ನ
ಗುಬ್ಬಿ

•

ಮಾರ್ಚ್ ೧೬

ನನ್ನ ಗುಬ್ಬಿಗೆ,

ಕಾಗದ ಬಂತು. ಅಕ್ಷರ ನೋಡಿ ನಗಲಿಲ್ಲ, ಚೀಟಿ ನೋಡಿ ನಕ್ಕೆ. ಹತ್ತೊಂಬತ್ತೇನೇ? ಮೊದಲ ಎರಡು ಸಾಲು ಓದುವಷ್ಟರಲ್ಲೇ ನನಗೆ ಸುಸ್ತು. ಹಾರ್ನ್ ಒತ್ತಿದರೆ ವೈಪರ್ ಅಲ್ಲಾಡುತ್ತದಂತೆ. ಎರಡನೇ ಗೇರ್ ಹಾಕುವ ಮುಂಚೆ ಒಂದು ಉಸಿರು ಕಾಯಬೇಕಂತೆ. ಹೆಣ್ಣು ನೋಡಲು ಬಂದವರ ಮುಂದೆ ‘ನಮ್ಮ ಹುಡುಗಿ ಗೊರಕೆ ಹೊಡೀತಾಳೆ’ ಅಂತ ಯಾರಾದರೂ ಹೇಳುತ್ತಾರಾ?

ಇಬ್ಬರು ಬಂದಿದ್ದರು. ಮೊದಲನೆಯವನು ಟೈರಿಗೆ ಎರಡು ಒದ್ದ, ಬಾನೆಟ್ ಎತ್ತಿ ‘ಹೂಂ’ ಅಂದ, ಒಪ್ಪಿದ. ನಿನ್ನ ಮಾತಿನಂತೆ ಚೀಟಿ ಕೊಟ್ಟೆ. ಅರ್ಧ ಪುಟ ಓದಿ ‘ಅಕ್ಕಾವ್ರೇ, ಇದು ಮಾರೋ ಕಾರಾ, ಆಸ್ಪತ್ರೆಗೆ ಸೇರಿಸೋ ಕಾರಾ?’ ಅಂತ ಕೇಳಿ ಹೊರಟೇ ಹೋದ. ಕುರ್ಚಿಯಲ್ಲಿ ಅರ್ಧ ಕೂದಲು ಕತ್ತರಿಸಿಕೊಂಡು ಕೂತಿದ್ದ ಹೆಂಗಸು ಬಿದ್ದು ಬಿದ್ದು ನಕ್ಕಳು. ಎರಡನೆಯವಳಿಗೆ ನಾನು ಚೀಟಿ ತೋರಿಸಲಿಲ್ಲ, ಬಾಯಲ್ಲಿ ನಾಲ್ಕು ಹೇಳಿದೆ. ಅವಳೂ ಹೋದಳು.

ಕಾರು ನನ್ನ ಬೋರ್ಡನ್ನು ಮರೆಮಾಡಿ ನಿಂತಿದೆ. ‘ನೀವು ಪಾರ್ಲರ್ ಬಿಟ್ಟು ಗ್ಯಾರೇಜ್ ಇಟ್ರಾ?’ ಅಂತ ಕಟ್ಟಡದ ಯಜಮಾನರು ದಿನಾ ಕೇಳುತ್ತಾರೆ. ವ್ಯಾಪಾರ ಮಾಡುವುದನ್ನು ನನಗೆ ಬಿಡು. ಡಿಕ್ಕಿಯಲ್ಲಿದ್ದ ನಿನ್ನ ಮರದ ತುಂಡು ನನ್ನ ಬಾಗಿಲಿಗೆ ಅಳತೆ ತೆಗೆದು ಮಾಡಿಸಿದಂತೆ ಕೂತಿದೆ. ಗಾಳಿಗೆ ಬಾಗಿಲು ಬಡಿಯುವುದು ನಿಂತಿತು.

ಸರಿಯಾಗಿ ಊಟ ಮಾಡು. ಆ ನೆಲಮಾಳಿಗೆಯಿಂದ ದಿನಕ್ಕೊಂದು ಸಲ ಹೊರಗೆ ಬಂದು ಬೆಳಕು ನೋಡು.

ನಿನ್ನ ಅಕ್ಕ

•

ಮಾರ್ಚ್ ೨೮

ಪ್ರೀತಿಯ ಅಕ್ಕನಿಗೆ,

ನಕ್ಕರೆ ನಗು. ಚೀಟಿ ಮಾತ್ರ ಬಿಡಬೇಡ.

ನಿನಗೆ ಹೇಳದ ಒಂದು ಸಂಗತಿ ಇದೆ. ನಾನು ಹಳೆಯ ಲಾಂಡ್ರಿಗೆ ಸೇರಿದ ಹೊಸತರಲ್ಲಿ ಒಬ್ಬರು ಒಂದು ಬಿಳಿ ಕೋಟು ಕೊಟ್ಟು ಹೋದರು. ತೋಳಿನ ಒಳಗೆ ಕಾಸಿನಗಲ ಸುಟ್ಟ ಗುರುತು ಇತ್ತು. ತಿರುಗಿ ಕೊಡುವಾಗ ನಾನೇ ಸುಟ್ಟೆನೆಂದು ಕೂಗಾಡಿದರು. ನನಗೆ ಬಾಯಿ ಬರಲಿಲ್ಲ. ಆಗ ಇಸ್ತ್ರಿ ಅಜ್ಜ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಕೋಟಿನ ಒಳಗಿಂದ ಚೀಟಿ ಬಿಚ್ಚಿ, ‘ಇದು ನಿಮ್ಮ ಸಹಿಯಾ ಸ್ವಾಮಿ?’ ಅಂತ ಮೆಲ್ಲಗೆ ಕೇಳಿದರು. ಅಷ್ಟೇ. ಅವತ್ತು ಅವರು ನನಗೆ ಹೇಳಿದ್ದು ಇದು: ‘ನಿನಗೆ ಮಾತು ಬರಲ್ಲ ಮಗಾ. ಪರವಾಗಿಲ್ಲ. ಚೀಟಿ ಮಾತಾಡ್ತದೆ. ಅದರಲ್ಲಿ ನಿಜ ಬರಿ ಸಾಕು.’

ಅದಕ್ಕೇ ನನಗೆ ಅದು ಬರೀ ಕಾಗದವಲ್ಲ. ಆಮೆಯನ್ನು ಕೊಳ್ಳುವವರ ಎದುರು ನಾನು ಇರುವುದಿಲ್ಲ. ನನ್ನ ಬದಲು ಆ ಚೀಟಿ ಇರುತ್ತದೆ. ಕಾರು ಕಡಿಮೆಗೆ ಹೋದರೂ ಪರವಾಗಿಲ್ಲ, ತಡವಾದರೂ ಪರವಾಗಿಲ್ಲ.

ಮರದ ತುಂಡನ್ನು ಡಿಕ್ಕಿಗೆ ವಾಪಸ್ ಇಡು ಅಕ್ಕಾ. ಬಾಗಿಲಿಗೆ ಇಟ್ಟಿಗೆ ಇಟ್ಟರಾಯಿತು.

ನೆನಪಿದೆಯಾ, ನಾನು ಕಾರು ಕಲಿಯುವಾಗ ನೀನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದೆ. ‘ಮುಂದೆ ಗೋಡೆ ಇದ್ರೆ ಹೇಳ್ಬೇಡ, ಸುಮ್ಮನೆ ಗುದ್ದಿಬಿಡು’ ಅನ್ನುತ್ತಿದ್ದೆ. ಈಗ ಬಟ್ಟೆ ಬಿಡಿಸುತ್ತಾ ಅದನ್ನು ನೆನೆದು ಒಬ್ಬಳೇ ನಕ್ಕರೆ, ಪಕ್ಕದವಳು ನನಗೆ ಜ್ವರವೇನೋ ಅಂತ ಹಣೆ ಮುಟ್ಟಿ ನೋಡಿದಳು.

ನಿನ್ನ
ಗುಬ್ಬಿ

•

ಏಪ್ರಿಲ್ ೯

ಗುಬ್ಬಿ,

ಸಿಹಿ ಸುದ್ದಿ. ನಿನ್ನ ಆಮೆ ಮಾರಾಟವಾಯಿತು. ಒಳ್ಳೆಯ ಬೆಲೆಗೇ ಹೋಯಿತು.

ಕೊಂಡವರು ವಯಸ್ಸಾದ, ಮರ್ಯಾದಸ್ಥ ಮನುಷ್ಯರು. ಊರಾಚೆಯವರು, ನಿನಗೆ ಗೊತ್ತಿಲ್ಲ. ಚೀಟಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಹತ್ತೊಂಬತ್ತನ್ನೂ ಓದಿದರು. ‘ಇಷ್ಟು ನಿಯತ್ತಿನ ಹುಡುಗಿ ಯಾರಮ್ಮಾ?’ ಅಂತ ಕೇಳಿದರು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಸಹಿ ಹಾಕಿದ ಪ್ರತಿ ಇದರ ಜೊತೆ ಇಟ್ಟಿದ್ದೇನೆ, ನೋಡಿಕೋ. ಮರದ ತುಂಡನ್ನೂ ಕೊಟ್ಟೆ.

ಈಗ ನಿಶ್ಚಿಂತೆಯಿಂದ ನಿದ್ದೆ ಮಾಡು. ಕುರ್ಚಿಗೆ ಹೇಳಿದ್ದೇನೆ. ನೇರಳೆ ಬಣ್ಣದ್ದು.

ನಿನ್ನ ಅಕ್ಕ

•

ಏಪ್ರಿಲ್ ೨೧

ಪ್ರೀತಿಯ ಅಕ್ಕನಿಗೆ,

ಚೀಟಿ ಬಂತು. ನಿನಗೆ ತುಂಬಾ ತೊಂದರೆ ಕೊಟ್ಟೆ. ನೇರಳೆ ಬಣ್ಣ ನಿನ್ನ ಗೋಡೆಗೆ ಚೆನ್ನಾಗಿ ಒಪ್ಪುತ್ತದೆ.

ಕೊಂಡವರ ಸಹಿ ನೋಡಿದೆ. ಹೆಸರು ಓದಲು ಆಗಲಿಲ್ಲ, ಉದ್ದನೆಯ ಗೀಟು ಎಳೆದಿದ್ದಾರೆ. ಎರಡು ಸಣ್ಣ ವಿಷಯ ಕೇಳಬೇಕಿತ್ತು.

ಒಂದು, ಅವರ ಮನೆ ಇಳಿಜಾರಿನಲ್ಲಿದೆಯಾ? ಎರಡು, ಹನ್ನೊಂದನೆಯ ಕುಂದನ್ನು ಓದಿದಾಗ ಅವರು ಏನು ಅಂದರು? ಸುಮ್ಮನೆ ಕೇಳುತ್ತಿದ್ದೇನೆ. ನೆನಪಿದ್ದರೆ ಬರಿ.

ಇಲ್ಲಿ ಎಲ್ಲ ಸರಿಯಾಗಿದೆ. ಮೇಲ್ವಿಚಾರಕಿ ನನಗೆ ಇನ್ನೊಂದು ಮೇಜು ಕೊಟ್ಟಿದ್ದಾರೆ. ಅಲ್ಲಿ ಬೆಳಕು ಚೆನ್ನಾಗಿದೆ.

ಗುಬ್ಬಿ

•

ಮೇ ೨

ಗುಬ್ಬಿ,

ನಿನ್ನದು ಎಂಥ ಪ್ರಶ್ನೆಯೇ. ಮಾರಿದ ಮೇಲೂ ಕಾರಿನ ಜಾತಕ ಹಿಡಿದು ಕೂತಿದ್ದೀಯ.

ಅವರ ಮನೆ ಸಮತಟ್ಟು ಜಾಗದಲ್ಲಿದೆ, ಮೇಜಿನ ಹಾಗೆ. ಹನ್ನೊಂದನೆಯದಕ್ಕೆ ನಕ್ಕರು. ‘ಇದೇನು ದೊಡ್ಡದಲ್ಲ, ನಮ್ಮ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಸರಿಮಾಡ್ತಾನೆ’ ಅಂದರು. ಸಾಕಾ? ಇನ್ನು ಹನ್ನೆರಡು, ಹದಿಮೂರು ಅಂತ ಶುರು ಮಾಡಬೇಡ.

ಕುರ್ಚಿ ಬಂತು. ಫೋಟೋ ಕಳಿಸಿದ್ದೇನೆ. ಬಾಗಿಲಿನ ಹತ್ತಿರ ನಿಂತಿರುವವಳು ನಾನೇ, ಗುರುತು ಸಿಕ್ಕಿತಾ? ಹೊಸ ಕುರ್ಚಿಯ ಪಕ್ಕ ನಿಂತರೆ ನಾನೂ ಹೊಸಬಳ ಹಾಗೆ ಕಾಣುತ್ತೇನಂತೆ. ಮೊದಲು ತಲೆ ತೊಳೆಸಿಕೊಂಡವಳು ಅಲ್ಲೇ ನಿದ್ದೆ ಹೋದಳು. ಎಬ್ಬಿಸಲು ಮನಸ್ಸು ಬರಲಿಲ್ಲ.

ನೀನು ಬಂದಾಗ ನಿನ್ನ ತಲೆ ನಾನೇ ತೊಳೆಯುತ್ತೇನೆ.

ನಿನ್ನ ಅಕ್ಕ

•

ಮೇ ೩೦

ಅಕ್ಕನಿಗೆ,

ಬರೆಯಲು ತಡವಾಯಿತು. ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು.

ಇಸ್ತ್ರಿ ಅಜ್ಜ ಚೀಟಿ ಬರೆಯುವುದನ್ನು ಕಲಿಸುವಾಗ ಇನ್ನೊಂದನ್ನು ಹೇಳಿಕೊಟ್ಟಿದ್ದರು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪ್ರತಿ ಚೀಟಿಯಲ್ಲೂ ಒಂದು ಸುಳ್ಳು ಕುಂದು ಸೇರಿಸಬೇಕು. ಅಂಗಿಗೆ ಜೇಬೇ ಇಲ್ಲದಿದ್ದರೆ ‘ಜೇಬು ಹರಿದಿದೆ’ ಅಂತ ಬರೆಯಬೇಕು. ನಿಜವಾಗಿ ಓದಿದವರು ‘ಇದಕ್ಕೆ ಜೇಬೆಲ್ಲಿದೆ?’ ಅಂತ ಕೇಳಿ ಅದನ್ನು ಹೊಡೆದು ಹಾಕುತ್ತಾರೆ. ಓದದವರು ಸುಮ್ಮನೆ ಸಹಿ ಹಾಕುತ್ತಾರೆ. ‘ಇದು ಜನರನ್ನ ಹಿಡಿಯೋಕಲ್ಲ ಮಗಾ’ ಅಂದಿದ್ದರು ಅಜ್ಜ, ‘ಯಾರು ಓದಿಲ್ಲ ಅಂತ ಗೊತ್ತಾದ್ರೆ, ಅವರಿಗೆ ನಾವೇ ಕೂತು ಓದಿ ಹೇಳಬೇಕು, ಅದಕ್ಕೆ.’

ಹನ್ನೊಂದನೆಯ ಕುಂದು ಇದು: ‘ಛಾವಣಿಯಲ್ಲಿರುವ ಗಾಜಿನ ಕಿಟಕಿ ಮಳೆಗೆ ಸೋರುತ್ತದೆ.’

ಅಕ್ಕಾ, ನನ್ನ ಆಮೆಯ ಛಾವಣಿಯಲ್ಲಿ ಕಿಟಕಿ ಎಲ್ಲಿದೆ?

ನೀನು ಕಳಿಸಿದ ಪ್ರತಿಯಲ್ಲಿ ಹನ್ನೊಂದನೆಯದನ್ನು ಯಾರೂ ಹೊಡೆದಿರಲಿಲ್ಲ. ಆಗಲೇ ಅನುಮಾನ ಬಂತು. ಆದರೂ ನಿನ್ನನ್ನು ಒಂದು ಸಲ ಕೇಳೋಣ, ‘ಅವರು ಆತುರದಲ್ಲಿ ಸಹಿ ಹಾಕಿದರು ಗುಬ್ಬಿ’ ಅಂತ ನೀನು ಬರೆದರೆ ಅಷ್ಟಕ್ಕೇ ಬಿಟ್ಟುಬಿಡೋಣ ಅಂದುಕೊಂಡೆ. ನೀನು ಅವರನ್ನು ನಗಿಸಿದೆ. ಇಲ್ಲದ ಕಿಟಕಿಗೆ ಮೆಕ್ಯಾನಿಕ್ಕನ್ನೂ ಕರೆಸಿದೆ.

ಚೀಟಿಯನ್ನು ಅವರು ಓದಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನೀನೂ ಓದಲಿಲ್ಲ. ಎರಡು ಸಾಲು ಓದಿ ಸುಸ್ತಾಯಿತು ಅಂತ ನೀನು ಬರೆದದ್ದು ತಮಾಷೆ ಅಂದುಕೊಂಡಿದ್ದೆ.

ಸಹಿಯ ಗೀಟನ್ನು ಮತ್ತೆ ನೋಡಿದೆ. ಕೊನೆಯಲ್ಲಿ ಒಂದು ಸಣ್ಣ ಕೊಕ್ಕೆ ಇದೆ. ನೀನು ಅಂಗಡಿಯ ರಸೀದಿಯಲ್ಲಿ ಹಾಕುವ ಕೊಕ್ಕೆ ಅದು.

ಫೋಟೋ ಚೆನ್ನಾಗಿದೆ. ನಿನ್ನ ಕಾಲಿನ ಪಕ್ಕ, ಬಾಗಿಲಿನ ಕೆಳಗೆ ನನ್ನ ಮರದ ತುಂಡು ಇದೆ.

ಕಾರು ಯಾರ ಹತ್ತಿರ ಇದೆ? ಅದೊಂದನ್ನು ಹೇಳು.

ಗುಬ್ಬಿ

•

ಜೂನ್ ೮

ತಂಗಿಗೆ,

ನಾಲ್ಕನೇ ಕ್ಲಾಸಿನ ಅಕ್ಷರ ಇಟ್ಟುಕೊಂಡು ಅಕ್ಕನಿಗೇ ಪರೀಕ್ಷೆ ಇಟ್ಟೆಯಾ? ಭೇಷ್. ನಿನ್ನ ತಲೆಗೆ ಎಣ್ಣೆ ಹಚ್ಚಿ ಹೆಣೆದವಳು ನಾನು. ಯಾರಾದರೂ ಜೋರಾಗಿ ಮಾತಾಡಿಸಿದರೆ ನೀನು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ನಿನ್ನ ಬದಲು ಎಲ್ಲ ಕಡೆ ಮಾತಾಡಿದವಳು ನಾನು. ಅದೇ ಬೆನ್ನಿಗೆ ಈಗ ಬಾಣ.

ಹೌದು, ಸಹಿ ನಾನೇ ಹಾಕಿದೆ. ಏನಾಯಿತೀಗ? ಚೀಟಿ ನೋಡಿದವರೆಲ್ಲ ಓಡಿಹೋದರು. ತಿಂಗಳಾದರೂ ಆ ಡಬ್ಬ ನನ್ನ ಬಾಗಿಲಿನಲ್ಲಿ ಕೂತಿತ್ತು. ಜಗತ್ತಿನಲ್ಲಿ ಯಾರೂ ಹಳೆ ಕಾರನ್ನು ಹೀಗೆ ಮಾರುವುದಿಲ್ಲ. ಕೊಂಡವರ ಪ್ರತಿಯನ್ನು ಕೂದಲಿನ ಬಣ್ಣ ಕಲಸುವಾಗ ಬಟ್ಟಲಿನ ಕೆಳಗೆ ಹಾಕಿದೆ, ಹಾಳಾಯಿತು. ಬೇಕೆಂದು ಮಾಡಲಿಲ್ಲ.

ಕೊಂಡವರಿಗೆ ಏನೂ ತಕರಾರಿಲ್ಲ. ಯಾರಿಗೂ ಏನೂ ಆಗಿಲ್ಲ. ಬಂದವರೇ ಕೀಲಿಕೈ ಕೇಳುವ ಮುಂಚೆ ‘ಚೀಟಿ ಎಲ್ಲಮ್ಮಾ?’ ಅಂತ ಕೇಳಿದರು. ‘ಚೀಟಿ ಇಲ್ಲ’ ಅಂದೆ. ತಕ್ಷಣ ಒಪ್ಪಿಕೊಂಡರು. ಡಿಕ್ಕಿ ಕೂಡ ತೆಗೆದು ನೋಡಲಿಲ್ಲ. ನಿನಗಿಂತ ಅವರಿಗೇ ನನ್ನ ಮೇಲೆ ನಂಬಿಕೆ ಜಾಸ್ತಿ.

ಹೆಸರು ಕೇಳಬೇಡ. ಮುಗಿದ ವಿಷಯ.

ಅಕ್ಕ

•

ಜೂನ್ ೧೭

ಅಕ್ಕಾ,

ಕೀಲಿಕೈಗಿಂತ ಮುಂಚೆ ಚೀಟಿ ಕೇಳುವವರು ನನಗೆ ಗೊತ್ತಿರುವ ಜಗತ್ತಿನಲ್ಲಿ ಒಬ್ಬರೇ.

ಇಸ್ತ್ರಿ ಅಜ್ಜನಿಗೆ ಮಾರಿದೆಯಾ?

ಅವರ ಮನೆ ಏರುಬೀದಿಯ ತುದಿಯಲ್ಲಿದೆ. ಅವರು ಒಂದು ದಿನವೂ ನನ್ನ ಕಾರಿನಲ್ಲಿ ಕೂತವರಲ್ಲ. ಬಾ ಅಜ್ಜ, ಬಿಡ್ತೀನಿ ಅಂದರೆ ‘ನಡೆಯೋದು ಮರೆತ್ರೆ ನಿಲ್ಲೋದೂ ಮರೆತು ಹೋಗ್ತದೆ’ ಅನ್ನುತ್ತಿದ್ದರು. ಆದ್ದರಿಂದ ಬ್ರೇಕಿನ ವಿಷಯ ಅವರಿಗೆ ಗೊತ್ತಿರಲು ದಾರಿಯೇ ಇಲ್ಲ.

‘ಚೀಟಿ ಇಲ್ಲ’ ಎಂದರೆ ಅವರು ಏನೆಂದು ತಿಳಿದರು ಅಂತ ನಿನಗೆ ಅರ್ಥವಾಗಲಿಲ್ಲವಾ? ಅವರು ನಿನ್ನನ್ನು ನಂಬಲಿಲ್ಲ ಅಕ್ಕಾ. ನನ್ನನ್ನು ನಂಬಿದರು. ಗುಬ್ಬಿ ಚೀಟಿ ಬರೆದಿಲ್ಲ ಅಂದರೆ ಬರೆಯಲು ಕುಂದೇ ಇಲ್ಲ ಅಂದುಕೊಂಡರು.

ಈ ಕಾಗದ ಓದಿದ ತಕ್ಷಣ ಬಾಗಿಲಿನ ಕೆಳಗಿನ ಮರದ ತುಂಡು ತೆಗೆದುಕೊಂಡು ಅವರ ಮನೆಗೆ ಹೋಗು. ಕತ್ತರಿ ಕೆಳಗಿಟ್ಟು ಹೋಗು. ಬಾಗಿಲು ಬಡಿದರೆ ಬಡಿಯಲಿ.

ಮೇಲ್ವಿಚಾರಕಿಯನ್ನು ಕೇಳಿ ನಿನ್ನ ಅಂಗಡಿಗೆ ಫೋನು ಕೂಡ ಮಾಡಿದೆ, ಹತ್ತು ಜನರ ಮುಂದೆ. ನೀನು ‘ಹಲೋ’ ಅಂದೆ. ‘ಅಜ್ಜ’ ಅಂದೆ ನಾನು. ನೀನು ಫೋನು ಇಟ್ಟೆ.

•

ಜೂನ್ ೨೯

ಗುಬ್ಬಿ,

ಹೋಗಿದ್ದೆ.

ಇನ್ನು ಮುಚ್ಚಿಡುವುದಿಲ್ಲ. ನಾನು ಮೊದಲೇ ಒಂದು ಸಲ ಹೋಗಿದ್ದೆ, ಮೇ ಹನ್ನೆರಡರ ಸಂಜೆಯೇ. ‘ಯಾರಿಗೂ ಏನೂ ಆಗಿಲ್ಲ’ ಅಂತ ನಿನಗೆ ಬರೆದಾಗ ನನಗೆ ಗೊತ್ತಿತ್ತು.

ಬಟ್ಟೆಯ ಗಂಟು ಹೊತ್ತು ಆ ಏರು ಹತ್ತಲು ಇನ್ನು ಆಗದೆಂದೇ ಅಜ್ಜ ಕಾರು ಕೊಂಡದ್ದು, ಓಡಿಸುವುದು ಅವರಿಗೆ ಹಿಂದಿನಿಂದ ಗೊತ್ತಿತ್ತಂತೆ. ಅವತ್ತು ಬೆಳಿಗ್ಗೆ ಇಸ್ತ್ರಿಗೆ ಬಟ್ಟೆ ತಂದು ಮನೆ ಮುಂದೆ ಕಾರು ನಿಲ್ಲಿಸಿದ್ದಾರೆ. ಹ್ಯಾಂಡ್ ಬ್ರೇಕ್ ಎಳೆದಿದ್ದಾರೆ. ಹಿಂದೆ ನಿಂತು ಗಂಟು ಇಳಿಸುವಾಗ ಕಾರು ಹಿಂದಕ್ಕೆ ಸರಿದಿದೆ. ಬಟ್ಟೆ ಮಣ್ಣಾಗುತ್ತದೆಂದು ಗಂಟು ಬಿಡದೆ ಹಿಡಿದುಕೊಂಡೇ ಓಡಿದ್ದಾರೆ. ಗೋಡೆಗೂ ಕಾರಿಗೂ ನಡುವೆ ಬಲಗಾಲು ಸಿಕ್ಕಿತು. ಮಂಡಿಯ ಕೆಳಗೆ ಎರಡು ಕಡೆ ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ. ಮೂಳೆ ಕೂಡಬಹುದು, ಆದರೆ ಮೊದಲಿನ ಹಾಗೆ ಇಡೀ ದಿನ ನಿಂತು ಇಸ್ತ್ರಿ ಹಾಕಲು ಆಗುವುದಿಲ್ಲ ಅಂತ ಡಾಕ್ಟರು ಹೇಳಿದರಂತೆ.

ನಿನ್ನ ಕಾಗದ ಬಂದ ದಿನವೇ ಮರದ ತುಂಡು ತೆಗೆದುಕೊಂಡು ಹೋದೆ. ಕಾರು ಗೋಡೆಯ ಪಕ್ಕ ಹಾಗೇ ನಿಂತಿದೆ. ಯಾರೋ ಚಕ್ರಕ್ಕೆ ಕಲ್ಲು ಕೊಟ್ಟಿದ್ದಾರೆ. ಅಜ್ಜ ಮಂಚದ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕರವಸ್ತ್ರ ಇಸ್ತ್ರಿ ಮಾಡುತ್ತಿದ್ದರು. ಬರೀ ಕರವಸ್ತ್ರ. ದೊಡ್ಡದು ಆಗುವುದಿಲ್ಲ.

‘ಗುಬ್ಬಿ ಹೇಗಿದ್ದಾಳೆ?’ ಅಂತ ಕೇಳಿದರು. ಚೆನ್ನಾಗಿದ್ದಾಳೆ ಅಂದೆ. ಕೈಯಲ್ಲಿದ್ದ ಕರವಸ್ತ್ರವನ್ನು ಮಡಚಿಟ್ಟರು. ಆಮೇಲೆ ಗೋಡೆ ಕಡೆ ನೋಡುತ್ತಾ ‘ಹೊರಡೋ ಅವಸರದಲ್ಲಿ ಮರೆತಿರಬೇಕು. ಮರೆಯೋ ಹುಡುಗಿ ಅಲ್ಲ ಅವಳು. ಇರಲಿ, ಕಾಲು ಮುರಿದದ್ದು ಅವಳಿಗೆ ಬರೀಬೇಡ’ ಅಂದರು.

ನಿಜ ನನ್ನ ನಾಲಿಗೆ ತುದಿಗೆ ಬಂತು ಗುಬ್ಬಿ. ನನಗೆ ಯಾವತ್ತೂ ಮಾತಿಗೆ ಬರ ಇರಲಿಲ್ಲ. ಆದರೆ ಬರಲಿಲ್ಲ. ಹೊರಗೆ ಬಂದು ಮರದ ತುಂಡನ್ನು ಚಕ್ರದ ಕೆಳಗಿಟ್ಟೆ. ಕಿಟಕಿಯಿಂದ ನೋಡುತ್ತಿದ್ದವರು ‘ಒಳ್ಳೇ ಕೆಲಸ ಮಾಡಿದೆ ತಾಯಿ’ ಅಂತ ಕೈ ಎತ್ತಿದರು. ಅಲ್ಲಿಂದ ಓಡುತ್ತಲೇ ಇಳಿದೆ.

ನೀನೇ ಅವರಿಗೆ ಒಂದು ಕಾಗದ ಬರೆದುಬಿಡು. ನೀನು ಬರೆದರೆ ನಂಬುತ್ತಾರೆ.

ಅಕ್ಕ

•

ಜುಲೈ ೧೦

ಅಕ್ಕನಿಗೆ,

ನಾನು ಬರೆಯುವುದಿಲ್ಲ.

ಈಗ ನಾನು ‘ಅಜ್ಜ, ಚೀಟಿ ಬರೆದಿದ್ದೆ’ ಅಂತ ಕಾಗದ ಹಾಕಿದರೆ ಅದು ಕಾಲು ಮುರಿದ ಮೇಲೆ ಬರೆದ ಚೀಟಿಯಾಗುತ್ತದೆ. ಬಿಳಿ ಕೋಟಿನವರು ಕೂಗಾಡಿದ ಹಾಗೆ ಅವರು ಕೂಗಾಡುವುದಿಲ್ಲ. ಆಯಿತು ಮಗಾ ಅನ್ನುತ್ತಾರೆ. ಹಾಗೆ ಅನ್ನುವುದನ್ನು ನಾನು ತಡೆದುಕೊಳ್ಳಲಾರೆ. ಹನ್ನೆರಡು ವರ್ಷ ಅವರ ಪಕ್ಕದ ಮೇಜಿನಲ್ಲಿ ನಿಂತು ನಾನು ಸಂಪಾದಿಸಿದ್ದು ಒಂದೇ, ಗುಬ್ಬಿ ಬರೆದರೆ ನಿಜ ಎಂಬ ಮಾತು. ನೀನು ಕಾರಿನ ಜೊತೆ ಅದನ್ನೂ ಮಾರಿದೆ.

ನೀನು ಸುಳ್ಳು ಸಹಿ ಹಾಕಿದ ಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಅದನ್ನು ತೆಗೆದುಕೊಂಡು ಹೋಗು. ಮಂಚದ ಪಕ್ಕ ಕೂತು ಹತ್ತೊಂಬತ್ತನ್ನೂ ಒಂದೊಂದಾಗಿ, ಬಾಯಿಬಿಟ್ಟು ಓದು. ನಾಲ್ಕನೆಯದನ್ನೂ ಓದು. ಕೆಳಗಿನ ಗೀಟು ಯಾರದೆಂದು ಹೇಳು. ನನಗಾಗಿ ಎಲ್ಲ ಕಡೆ ಮಾತಾಡಿದವಳು ನೀನು ಅಂದೆಯಲ್ಲ. ಈ ಒಂದು ಕಡೆ ಮಾತಾಡು. ಆಮೇಲೆ ಬೇಡ.

ಇದರ ಜೊತೆ ಇನ್ನೊಂದು ಚೀಟಿ ಇದೆ. ಎರಡು ಪ್ರತಿ ಬರೆದಿದ್ದೇನೆ. ಇದರಲ್ಲೂ ಒಂದು ಸುಳ್ಳಿದೆ. ಈ ಸಲ ಮೊದಲೇ ಹೇಳುತ್ತಿದ್ದೇನೆ, ಪರೀಕ್ಷೆ ಅಂತ ನೀನು ಬೈಯಬಾರದು. ಓದಿ, ಸುಳ್ಳನ್ನು ಹೊಡೆದು, ಸಹಿ ಹಾಕಿ ಒಂದು ಪ್ರತಿ ಕಳಿಸು. ನಿನ್ನ ಸಹಿ.

ಕುಂದಿನ ಚೀಟಿ

ಒಂದು. ನನ್ನ ಅಕ್ಕ ನಾನು ಬರೆದದ್ದನ್ನು ಎರಡು ಸಾಲಿಗಿಂತ ಹೆಚ್ಚು ಓದಲಿಲ್ಲ.

ಎರಡು. ಅವಳು ನನಗೆ ಸುಳ್ಳು ಹೇಳುವಾಗಲೂ ‘ನಿನ್ನ ತಲೆ ನಾನೇ ತೊಳೆಯುತ್ತೇನೆ’ ಅಂದಳಲ್ಲ, ಅದು ಸುಳ್ಳಲ್ಲವೆಂದು ನನಗೆ ಗೊತ್ತು. ಅದೇ ಹೆಚ್ಚು ನೋಯುತ್ತದೆ.

ಮೂರು. ಚಿಕ್ಕವಳಿದ್ದಾಗ ನಾನು ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಅಲ್ಲಿಂದ ಮುಂದೆ ಏನಿದೆ ಎಂದು ಕಾಣುತ್ತಿರಲಿಲ್ಲ.

ನಾಲ್ಕು. ಇಳಿಜಾರಿನಲ್ಲಿ ಅವಳ ಮಾತು ನಿಲ್ಲುವುದಿಲ್ಲ. ಕೆಳಗೆ ಏನಾದರೂ ಇಡಬೇಕು.

ಐದು. ಮೇ ಹನ್ನೆರಡರಿಂದ ಜೂನ್ ಇಪ್ಪತ್ತೊಂಬತ್ತರವರೆಗೆ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆರು. ಆದದ್ದಾಯಿತು, ನಾನು ಎಲ್ಲವನ್ನೂ ಮರೆತಿದ್ದೇನೆ. ಅವಳ ಮೇಲೆ ನನಗೆ ಕೋಪವಿಲ್ಲ.

ಏಳು. ಹೊಸ ಕುರ್ಚಿಯಲ್ಲಿ ನಾನು ತಲೆ ತೊಳೆಸಿಕೊಳ್ಳುವುದಿಲ್ಲ.

ಗುಬ್ಬಿ

•

ಜುಲೈ ೨೪

ಗುಬ್ಬಿ,

ಓದಿದೆ. ಮೊದಲು ನಿನ್ನ ಚೀಟಿಯನ್ನು ಓದಿದೆ, ಆಮೇಲೆ ಅಜ್ಜನ ಮನೆಗೆ ಹೋಗಿ ಕಾರಿನದನ್ನು ಓದಿದೆ. ಅಂಗಡಿಗೆ ಬೀಗ ಹಾಕಿ ಹೋಗಿದ್ದೆ.

ಇದು ಗುಬ್ಬಿ ಮಾರ್ಚಿನಲ್ಲೇ ಬರೆದ ಚೀಟಿ, ನಾನು ನಿಮಗೆ ಕೊಡಲಿಲ್ಲ, ಕೆಳಗಿನ ಸಹಿ ನನ್ನದು ಅಂತ ಮೊದಲೇ ಹೇಳಿಬಿಟ್ಟೆ. ಕೊನೆಗೆ ಹೇಳೋಣ ಅಂದುಕೊಂಡರೆ ಹೇಳುತ್ತಿರಲಿಲ್ಲ. ಅಜ್ಜ ಇಸ್ತ್ರಿಯನ್ನು ಪಕ್ಕಕ್ಕೆ ನಿಲ್ಲಿಸಿ ‘ಓದು’ ಅಂದರು. ಒಂದು, ಎರಡು, ಮೂರು ಓದಿದೆ. ನಾಲ್ಕನೆಯದನ್ನು ಓದುವಾಗ ಗಂಟಲು ಕಟ್ಟಿತು. ನಿನಗೆ ಫೋನಿನಲ್ಲಿ ಹೀಗೇ ಆಗುತ್ತದಾ? ಅವರು ತಮ್ಮ ಕಾಲನ್ನು ನೋಡಲಿಲ್ಲ. ‘ಮುಂದೆ’ ಅಂದರು.

ಹನ್ನೊಂದನೆಯದಕ್ಕೆ ಬಂದಾಗ ಕೈ ಎತ್ತಿ ನನ್ನನ್ನು ತಡೆದರು. ದಿಂಬಿನ ಕೆಳಗಿನಿಂದ ಪೆನ್ಸಿಲ್ ತೆಗೆದು, ಚೀಟಿ ಇಸಿದುಕೊಂಡು, ಆ ಸಾಲಿನ ಮೇಲೆ ಮೆಲ್ಲಗೆ ಗೀಟು ಎಳೆದರು. ಎಳೆಯುವಾಗ ಅವರ ಮುಖ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ‘ಹಾಗಾದ್ರೆ ಬರೆದಿದ್ದಳು’ ಅಂದರು. ಒಂದು ಸಲ ಅಂದು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಅಂದರು. ಆಮೇಲೆ ಹತ್ತೊಂಬತ್ತರವರೆಗೂ ಓದಿಸಿದರು. ಮುಗಿದ ಮೇಲೆ ಅದೇ ಪೆನ್ಸಿಲಿನಲ್ಲಿ, ನನ್ನ ಗೀಟಿನ ಪಕ್ಕ ತಮ್ಮ ಸಹಿ ಹಾಕಿದರು. ಆ ಪ್ರತಿ ಇದರ ಜೊತೆ ಇಟ್ಟಿದ್ದೇನೆ, ನಿನ್ನದು.

ನಾನು ಎದ್ದಾಗ ಕೂತುಕೋ ಅನ್ನಲಿಲ್ಲ. ಹೊರಡುವಾಗ ಬಾ ಅನ್ನಲೂ ಇಲ್ಲ.

ನಿನ್ನ ಇನ್ನೊಂದು ಚೀಟಿಗೂ ಸಹಿ ಹಾಕಿ ಇಟ್ಟಿದ್ದೇನೆ. ಮೂರು ದಿನ ನನ್ನ ಹತ್ತಿರವೇ ಇತ್ತು. ಯಾವುದು ಸುಳ್ಳು ಅಂತ ಮೊದಲ ಸಲ ಓದಿದಾಗಲೇ ಗೊತ್ತಾಯಿತು. ಆದರೂ ಪೆನ್ನು ಹಿಡಿದು ಬೇರೆ ಸಾಲುಗಳನ್ನು ಹುಡುಕುತ್ತಿದ್ದೆ. ಏಳನೆಯದಿರಬಹುದಾ, ಎರಡನೆಯದಿರಬಹುದಾ ಅಂತ.

ಆರನೆಯದನ್ನು ಹೊಡೆದಿದ್ದೇನೆ.

ತಪ್ಪು ಸಾಲು ಹೊಡೆದಿದ್ದರೆ ಒಂದು ಕಾಗದ ಬರಿ. ಸರಿಯಾಗಿದ್ದರೆ ಬರೆಯಬೇಡ.

ಅಕ್ಕ